ಎಡಗೈ ಬಡಿದ ಎರಡಕ್ಷರ

ದೆವ್ವದ ಮಾತು ಬಂದರೆ ನಕ್ಕು ಎದ್ದು ಹೋಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ನಗು ಮಾತ್ರ ಬರುವುದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಹಾನುಬಾಳಿನ ತೋಟದ ಕೆಲಸದಲ್ಲಿ ಬಿದ್ದು ವರ್ಷಗಟ್ಟಲೆ ಬಿಟ್ಟಿದ್ದ ಹ್ಯಾಮ್ ರೇಡಿಯೊ ಹವ್ಯಾಸದ ಮೇಲೆ ಮತ್ತೆ ಮನಸ್ಸಾಯಿತು. ಮೋರ್ಸ್ ಸಂಕೇತ ಮರೆತಿರಲಿಲ್ಲ. ಆದರೆ ಹಳೆಯ ಕೀ ಕುಟ್ಟಿದರೆ ಮಣಿಕಟ್ಟು ನೋಯುತ್ತಿತ್ತು. ಪ್ಯಾಡಲ್ ಎಂಬ ಇನ್ನೊಂದು ಬಗೆಯ ಕೀ ಆದರೆ ಬೆರಳು ತಾಗಿಸಿದರೆ ಸಾಕು. ಒಂದು ಕಡೆ ಚುಕ್ಕೆ, ಇನ್ನೊಂದು ಕಡೆ ಗೆರೆ.

ಬಾಳ್ಳುಪೇಟೆಯಲ್ಲಿ ಚಂದ್ರಣ್ಣ ಎಂಬ ಹ್ಯಾಮ್ ಇದ್ದರು. ನಾನು ಅವರ ಮುಖ ಕಂಡವನಲ್ಲ. ಅವರು ತೀರಿಕೊಂಡ ಮೇಲೆ ಹೆಂಡತಿ ಸುಶೀಲಮ್ಮ ಅವರ ಪ್ಯಾಡಲ್ ಒಯ್ಯಲು ನನಗೆ ಹೇಳಿಕಳಿಸಿದ್ದರು. ಒಂದು ಮಧ್ಯಾಹ್ನ ಹೋದೆ. "ಎರಡು ಅವೆ ಕಣಣ್ಣ. ಕೈಗೆ ಯಾವ್ದು ಒಗ್ಗುತ್ತೋ ತಗಂಡೋಗಿ" ಎಂದು ಮೇಜು ತೋರಿಸಿ ಅಡುಗೆಮನೆಗೆ ಹೋದರು.

ಮೊದಲನೆಯದು ಬಿಗಿಯಾಗಿತ್ತು. ಎರಡನೆಯದು ಹಿತ್ತಾಳೆಯದು, ಬೀಪ್ ಪೆಟ್ಟಿಗೆಗೆ ಜೋಡಿಸಿಯೇ ಇತ್ತು. ನನ್ನ ಕರೆಸಂಕೇತ, ಅಂದರೆ ರೇಡಿಯೊದಲ್ಲಿ ನನ್ನ ಗುರುತು, ಬಡಿಯಲು ಹೊರಟೆ. ಬೀಪ್ ಸದ್ದು ಬಂತು, ಆದರೆ ಅದು ನನ್ನ ಸಂಕೇತವಲ್ಲ. ಎಸ್, ಯು. ನಡುವೆ ಉಸಿರು ಹಿಡಿದಂಥ ಒಂದು ಬಿಡುವು. ಮತ್ತೆ ಎಸ್, ಯು. ನೋಡಿದರೆ ಪ್ಯಾಡಲ್ ಮೇಲಿದ್ದದ್ದು ನನ್ನ ಎಡಗೈ! ನಾನು ಬಲಗೈಯವನು. ಕೈ ಎತ್ತಲು ನೋಡಿದೆ, ಬರಲಿಲ್ಲ. ಬೆರಳುಗಳು ಸಲೀಸಾಗಿ ಆಡುತ್ತಿದ್ದವು, ಯಾರದೋ ಬೆರಳುಗಳ ಹಾಗೆ.

"ಬಂದೆ ಕಣ್ರೀ, ತಡೀರಿ!" ಒಳಗಿನಿಂದ ಸುಶೀಲಮ್ಮನ ದನಿ.

ಆ ಕ್ಷಣವೇ ಕೈ ಸಡಿಲವಾಯಿತು. ಆಕೆ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದವರು ನನ್ನನ್ನು ಕಂಡು ಗಕ್ಕನೆ ನಿಂತರು.

"ಕಾಫಿ ಬೇಕು ಅಂದ್ರೆ ನಮ್ಮೋರು 'ಸು' ಅಂತ ಹಂಗೇ ಕರೀತಿದ್ರು. ನಿಮಗ್ಯಾರು ಹೇಳುದ್ರು?"

ಯಾರೂ ಹೇಳಿರಲಿಲ್ಲ. ಚಂದ್ರಣ್ಣ ಎಡಗೈಯವರೇ ಎಂದು ಕೇಳಬೇಕೆಂದುಕೊಂಡೆ. ಕೇಳದೆಯೇ ಆಕೆ ನನ್ನ ಎಡಗೈಯನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲ ಕರೀರಣ್ಣ" ಎಂದರು, ಮೆಲ್ಲಗೆ.

ಓಡಿಹೋಗಬೇಕೆನಿಸಿತು. ಆದರೂ ಎಡಗೈ ಇಟ್ಟು ಅದೇ ಎರಡಕ್ಷರ ಬಡಿದೆ. ತಡವರಿಸಿ, ಮುಗ್ಗರಿಸಿ, ಹೇಗೋ ಮೂಡಿತು. ಆಕೆ ಕಣ್ಣು ಮುಚ್ಚಿ ಕೇಳಿದರು.

"ಇದು ನೀವು ಕಣಣ್ಣ, ಅವ್ರಲ್ಲ" ಎಂದು ಕಾಫಿ ಮೇಜಿನ ಮೇಲಿಟ್ಟು ಒಳಗೆ ಹೋದರು.

ಬಿಗಿಯಾದ ಪ್ಯಾಡಲನ್ನೇ ತಂದೆ. ಎಡಗೈಯಲ್ಲಿ ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಒಂದಕ್ಷರವೂ ನೆಟ್ಟಗೆ ಮೂಡಿಲ್ಲ. ಮೂಡದಿರಲಿ ಎಂದೇ ಬಯಸುತ್ತೇನೆ.