ಸರೋಜಳ ಕಾಲಿನ ಹರಕೆ

ನಮ್ಮ ಮಾರಮ್ಮನಿಗೆ ನಡೆದುಕೊಳ್ಳುವ ಎಲ್ಲ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಕೊಡಿಗೇಹಳ್ಳಿಯ ರತ್ನಮ್ಮ ಕೈಮುಗಿದು ಬರೆಯುವ ಸಂಗತಿ ಇದು. ಎಂಬತ್ತೆರಡನೇ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ನನ್ನ ಮಗಳು ಸರೋಜ ದೆಹಲಿಯಿಂದ ರೈಲಿನಲ್ಲಿ ಬಂದಿಳಿದಾಗ ಅವಳ ಎರಡೂ ಪಾದಗಳಿಗೆ ಬ್ಯಾಂಡೇಜು ಸುತ್ತಿತ್ತು. ಅವಳ ಪಿ.ಟಿ. ಮೇಷ್ಟ್ರು ಫ್ರಾನ್ಸಿಸ್ ಅವರು ಒಂದು ಕಡೆ, ನಮ್ಮ ಯಜಮಾನರು ಇನ್ನೊಂದು ಕಡೆ ತೋಳು ಹಿಡಿದು ಅವಳನ್ನು ಆಟೋಗೆ ಹತ್ತಿಸಿದರು. ಓಡಲಿ ಎಂದು ಕಳಿಸಿದ ಹುಡುಗಿ ನಡೆಯಲಾರದೆ ವಾಪಸ್ಸು ಬಂದಿದ್ದಳು.

ಆ ವರ್ಷದ ಕೊನೆಗೆ ದೆಹಲಿಯಲ್ಲಿ ಏಷ್ಯಾದ ದೊಡ್ಡ ಕ್ರೀಡಾಕೂಟ ನಡೆಯುವುದಿತ್ತು. ಇನ್ನೂರು ಮೀಟರ್ ಓಟದಲ್ಲಿ ನಮ್ಮ ದೇಶದ ಪರವಾಗಿ ಓಡಬಹುದಾದ ಹುಡುಗಿಯರ ಪೈಕಿ ಸರೋಜಳೂ ಒಬ್ಬಳು. ದ್ರಾಕ್ಷಿ ತೋಟದ ಬದುವಿನ ಮೇಲೆ ಓಡಿ ಕಲಿತವಳು ಅವಳು. ಬೆಳಿಗ್ಗೆ ಹಾಲು ಹಾಕಿ ಬಾ ಎಂದು ಕಳಿಸಿದರೆ, ಪಾತ್ರೆ ತೊಳೆದು ತಲೆ ಎತ್ತುವುದರೊಳಗೆ ಮುಂದೆ ನಿಂತಿರುತ್ತಿದ್ದಳು. ಅರ್ಧ ಹಾಲು ದಾರಿಯಲ್ಲೇ ಚೆಲ್ಲಿರುತ್ತಿತ್ತು ಎನ್ನುವುದು ಬೇರೆ ಮಾತು. ಫ್ರಾನ್ಸಿಸ್ ಮೇಷ್ಟ್ರು ಅವಳನ್ನು ಹೈಸ್ಕೂಲಿನಲ್ಲಿ ಕಂಡುಹಿಡಿದು, ಜಿಲ್ಲೆ, ರಾಜ್ಯ ಎಂದು ಓಡಿಸುತ್ತಾ ಅಲ್ಲಿಯವರೆಗೂ ತಂದಿದ್ದರು. ಅಷ್ಟು ದೂರವೂ ಅವಳು ಓಡಿದ್ದು ಬರಿಗಾಲಿನಲ್ಲಿ.

ಅದಕ್ಕೆ ಕಾರಣ ನಮ್ಮತ್ತೆ ಮುನಿತಾಯಮ್ಮ. ಸರೋಜಳನ್ನು ಒಂದನೇ ಕ್ಲಾಸಿಗೆ ಸೇರಿಸಿದ ವರ್ಷ ಅವಳಿಗೆ ಸಿಡುಬು ಎದ್ದಿತು. ಮೈಯೆಲ್ಲ ಬೊಕ್ಕೆ, ಕಣ್ಣು ತೆರೆಯಲಾಗದು, ನೀರು ಕೂಡ ಇಳಿಯದು. ಊರಿನವರು ಆಸೆ ಬಿಟ್ಟರು. ಆಗ ನಮ್ಮತ್ತೆ ಒದ್ದೆ ಸೀರೆಯಲ್ಲಿ ಅಮ್ಮನ ಗುಡಿಗೆ ಹೋಗಿ ಬೇವಿನ ಸೊಪ್ಪು ಹಿಡಿದು ನಿಂತು, "ಈ ಮಗೀನ ಉಳಿಸ್ಕೊಡು ತಾಯಿ. ಮದ್ವೆಯಾದ್ ವರ್ಸ ನಿನ್ಗೆ ತಂಬಿಟ್ಟಿನ ಆರತಿ ಒತ್ಕೊಂಡು ಬರೋಗಂಟ ಇದ್ರ ಕಾಲ್ಗೆ ಎಕ್ಕಡ ಮುಟ್ಸಾಕಿಲ್ಲ" ಎಂದು ಹರಕೆ ಹೊತ್ತರು. ಮಗು ಉಳಿಯಿತು. ಮುಖದ ಮೇಲೆ ನಾಲ್ಕಾರು ಕಲೆ ಬಿಟ್ಟರೆ ಒಂದು ಊನವಿಲ್ಲ. ಆದ್ದರಿಂದ ಅವಳು ಶಾಲೆಗೆ, ಸಂತೆಗೆ, ಮದುವೆ ಮನೆಗೆ ಎಲ್ಲಿಗೆ ಹೋದರೂ ಬರಿಗಾಲು.

ನನಗೂ ನಮ್ಮತ್ತೆಗೂ ಎಣ್ಣೆ ಸೀಗೆಕಾಯಿ. ಆದರೆ ಈ ಹರಕೆಯ ವಿಷಯದಲ್ಲಿ ಅವರ ಮಾತನ್ನು ನಾನು ಒಂದು ದಿನವೂ ಮೀರಲಿಲ್ಲ. ಅವರು ಕಣ್ಣು ಮುಚ್ಚಿ ಹಲವು ವರ್ಷವಾಗಿತ್ತು. ಹೊತ್ತವರೇ ಇಲ್ಲದ ಹರಕೆಯನ್ನು ಸಡಿಲ ಮಾಡಿ ಎಂದು ಯಾರನ್ನು ಕೇಳುವುದು?

ದೆಹಲಿಯಲ್ಲಿ ಹೊಸದಾಗಿ ರಬ್ಬರಿನಂಥ ಕೆಂಪು ನೆಲ ಹಾಕಿದ್ದರಂತೆ. ನಮ್ಮ ಮಣ್ಣಾದರೆ ಕಾಲಿನ ಕೆಳಗೆ ಸ್ವಲ್ಪ ಜರುಗಿ ಜಾಗ ಕೊಡುತ್ತದೆ. ಆ ನೆಲ ಹಿಡಿದರೆ ಬಿಡುವುದಿಲ್ಲ, ಜೊತೆಗೆ ಬಿಸಿಲಿಗೆ ಕಾದು ಹಂಚಾಗಿತ್ತಂತೆ. ಮಿಕ್ಕ ಹುಡುಗಿಯರೆಲ್ಲ ಅಡಿಯಲ್ಲಿ ಮುಳ್ಳಿರುವ ಬೂಟು ತೊಟ್ಟು ಓಡಿದರೆ, ಇವಳು ಅಜ್ಜಿಯ ಹರಕೆ ಎಂದು ಬರಿಗಾಲಿನಲ್ಲಿ ಓಡಿದಳು. ತಿರುವಿನಲ್ಲಿ ಅಂಗಾಲಿನ ಚರ್ಮ ಕಿತ್ತುಬಂತು. ಆದರೂ ನಿಲ್ಲದೆ ಓಡಿ ಮುಗಿಸಿದಳು. ಅಲ್ಲಿಯ ದೊಡ್ಡವರು ಫ್ರಾನ್ಸಿಸ್ ಮೇಷ್ಟ್ರನ್ನು ಕರೆದು, ಮುಂದಿನ ತಿಂಗಳು ಕೊನೆಯ ಆಯ್ಕೆ ಇದೆ, ಹುಡುಗಿ ಬೂಟು ತೊಟ್ಟು ಬರುವುದಾದರೆ ಕರೆದುಕೊಂಡು ಬನ್ನಿ, ಇಲ್ಲದಿದ್ದರೆ ಬೇಡ ಎಂದು ಹೇಳಿ ಕಳಿಸಿದರು.

ಮನೆಗೆ ಬಂದ ಮೇಲೆ ಗಾಯ ಕೀವು ಕಟ್ಟಿತು. ಯಜಮಾನರು ಅವಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಳ್ಳಾರಿ ರಸ್ತೆಯವರೆಗೆ ತಳ್ಳುವುದು, ಅಲ್ಲಿಂದ ಅವಳೂ ನಾನೂ ಶಿವಾಜಿನಗರದ ಬಸ್ಸು ಹಿಡಿಯುವುದು, ಇಳಿದು ಮತ್ತೆ ಆಸ್ಪತ್ರೆಗೆ ಕುಂಟುವುದು, ದಿನ ಬಿಟ್ಟು ದಿನ ಇದೇ ಕೆಲಸವಾಯಿತು. ಅಲ್ಲಿದ್ದ ಡಾಕ್ಟರಮ್ಮ ಒಳ್ಳೆಯವರು. ಗಾಯ ತೊಳೆಯುತ್ತಾ, ಇದು ವಾಸಿಯಾಗುತ್ತದೆ, ಆದರೆ ಅಂಥ ನೆಲದ ಮೇಲೆ ಬೂಟಿಲ್ಲದೆ ಇನ್ನೊಂದು ಸಲ ಓಡಿದರೆ ಆಮೇಲೆ ಓಟವನ್ನೇ ಮರೆತುಬಿಡಬೇಕು ಎಂದರು. ನಾನು ಹರಕೆಯ ವಿಷಯ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ನಿಮ್ಮ ದೇವರನ್ನೇ ಕೇಳಿ ಅಮ್ಮ ಎಂದು ಹೇಳಿ ಹತ್ತಿ ಒತ್ತಿದರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಹೆಬ್ಬಾಳದ ಕೆರೆ ದಾಟಿದ ಮೇಲೆ ಸರೋಜ ಬಾಯಿ ಬಿಟ್ಟಳು. "ಬೂಟ್ ಹಾಕ್ಕೊಂಡು ಓಡಿದ್ರೆ ಅಮ್ಮ ಮುನಿಸ್ಕೊಂಡು ಕಾಲು ಹೋಗುತ್ತೆ ಅಂತೀಯ ನೀನು. ಹಾಕ್ಕೊಳ್ದೆ ಓಡಿದ್ರೆ ಕಾಲು ಹೋಗುತ್ತೆ ಅಂತಾರೆ ಡಾಕ್ಟ್ರು. ನಾನು ಯಾವ ಕಾಲಲ್ಲಿ ಓಡ್ಲಮ್ಮ?"

ನನ್ನ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. ಆವತ್ತು ಮಾತ್ರ ಅವಳ ಬ್ಯಾಂಡೇಜಿನ ಕಾಲನ್ನು ನನ್ನ ಮಡಿಲಿಗೆ ಎತ್ತಿಟ್ಟುಕೊಂಡು ಕೂತೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ದೆಹಲಿಯಲ್ಲಿ ತೊಟ್ಟುಕೊಂಡು ಊರಿನಲ್ಲಿ ಬಿಚ್ಚಿದರಾಯಿತು, ಅಮ್ಮನ ಕಣ್ಣು ಅಲ್ಲಿಯವರೆಗೆ ಎಲ್ಲಿ ಹೋಗುತ್ತದೆ ಎಂದರು ಯಜಮಾನರು. ಆಕಾಶದ ಕೆಳಗೆ ಇರುವುದನ್ನೆಲ್ಲ ಕಾಣುವ ತಾಯಿಗೆ ದೆಹಲಿ ಕಾಣುವುದಿಲ್ಲವೇ ಎಂದು ನಾನು ರೇಗಿದೆ. ಅಬ್ಬಿಗೆರೆಯಿಂದ ನಮ್ಮ ನಾದಿನಿ ಬಂದು, ತನ್ನ ಮಗನಿಗೆ ಸರೋಜಳನ್ನು ಕೊಟ್ಟು ಈಗಲೇ ಮದುವೆ ಮಾಡಿದರೆ ಆರತಿ ಹೊತ್ತು ಹರಕೆ ತೀರಿಸಬಹುದಲ್ಲ ಎಂದಳು. ಮದುವೆಯಾದ ಮೇಲೆ ಓಟಗೀಟ ಬೇಡ ಎಂಬುದನ್ನೂ ಜೊತೆಯಲ್ಲೇ ಸೇರಿಸಿದಳು. ಓಡುವುದಕ್ಕಾಗಿ ಮದುವೆಯಾಗಿ, ಮದುವೆಯಾದದ್ದಕ್ಕೆ ಓಟ ಬಿಡುವುದು ಎಂಥ ಜಾಣತನವೋ ನನಗೆ ಅರ್ಥವಾಗಲಿಲ್ಲ. ಕಾಫಿ ಕುಡಿಸಿ ಕಳಿಸಿದೆ.

ಮಂಗಳವಾರ ಗುಡಿಗೆ ಹೋಗಿ ಹೂ ಕೇಳಿದೆ. ನಮ್ಮಲ್ಲಿ ಹೂ ಕೇಳುವುದು ಹೇಗೆಂದು ನಿಮಗೆಲ್ಲ ತಿಳಿದದ್ದೇ. ಪೂಜಾರಿ ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೂ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲಿರುವುದನ್ನು ಕೇಳುತ್ತೇವೆ. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಹಣ್ಣುಕಾಯಿ ಇಟ್ಟು, ತಪ್ಪುಕಾಣಿಕೆ ಕಟ್ಟುತ್ತೇನೆ, ನನ್ನ ಮಗಳನ್ನು ಈ ಹರಕೆಯಿಂದ ಬಿಡಿಸು ತಾಯಿ ಎಂದು ಬೇಡಿಕೊಂಡೆ. ಬಹಳ ಹೊತ್ತು ಏನೂ ಅಲುಗಲಿಲ್ಲ. ಆಮೇಲೆ ಎಡಗಡೆಯ ಎಸಳು ಜಾರಿ ಬಿತ್ತು. "ಬ್ಯಾಡ ಅಂತವ್ಳೆ ರತ್ನಮ್ಮ" ಎಂದು ಪೂಜಾರಿ ಮುನಿಶಾಮಪ್ಪ ತಲೆ ತಗ್ಗಿಸಿದರು.

ಆ ವಾರ ಕಳೆದದ್ದು ನನಗೇ ಗೊತ್ತು. ಸರೋಜ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಫ್ರಾನ್ಸಿಸ್ ಮೇಷ್ಟ್ರು ಎಲ್ಲಿಂದಲೋ ಅವಳ ಅಳತೆಯ ಮುಳ್ಳಿನ ಬೂಟು ಸಂಪಾದಿಸಿ ತಂದಿದ್ದರು. ಒಳಗೆ ತರಬಾರದೆಂದು ಅವರಿಗೂ ತಿಳಿದಿತ್ತು, ಜಗಲಿಯ ಮೇಲೆ ಇಟ್ಟು ಹೋದರು. ನಾನು ಅದರ ಮೇಲೆ ಒಂದು ಮಂಕರಿ ಬೋರಲು ಹಾಕಿದೆ. ಎಷ್ಟು ಸಲ ಆ ಕಡೆ ಹಾದುಹೋದೆನೋ ಅಷ್ಟು ಸಲವೂ ಕಣ್ಣಲ್ಲಿ ನೀರು ಬರುತ್ತಿತ್ತು.

ಮುಂದಿನ ಮಂಗಳವಾರ ಮಟಮಟ ಮಧ್ಯಾಹ್ನ ನಾನೊಬ್ಬಳೇ ಗುಡಿಗೆ ಹೋದೆ. ಪೂಜಾರಿ ಊಟಕ್ಕೆ ಹೋಗಿದ್ದರು, ಗರ್ಭಗುಡಿಯ ಬಾಗಿಲಿಗೆ ಸರಳಿನ ಗೇಟು ಹಾಕಿತ್ತು. ಹೊರಗೆ ಚಪ್ಪಲಿ ಬಿಟ್ಟು, ಸರಳು ಹಿಡಿದುಕೊಂಡು ಅಮ್ಮನ ಜೊತೆ ಜಗಳಕ್ಕೆ ನಿಂತೆ. ಉಳಿಸಿಕೊಟ್ಟವಳು ನೀನು, ಓಡುವ ಕಾಲು ಕೊಟ್ಟವಳು ನೀನು, ಈಗ ಅದೇ ಕಾಲನ್ನು ಕಟ್ಟಿಹಾಕಿದವಳೂ ನೀನೇ, ಇದು ಯಾವ ನ್ಯಾಯ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅತ್ತೆಯ ಮೇಲಿದ್ದ ಹಳೆಯ ಸಿಟ್ಟನ್ನೂ ಅದಕ್ಕೇ ಸೇರಿಸಿದೆ. ಸಾಕಾಗುವಷ್ಟು ಅತ್ತು, ಮೂಗು ಒರೆಸಿಕೊಂಡು ಹೊರಗೆ ಬಂದರೆ ಚಪ್ಪಲಿ ಇಲ್ಲ.

ಸುತ್ತಮುತ್ತ ಹುಡುಕಿದೆ. ಬೇಲಿ ಸಂದಿಯಲ್ಲಿ, ಬೇವಿನ ಕಟ್ಟೆಯ ಹಿಂದೆ, ಎಲ್ಲೂ ಇಲ್ಲ. ನಾಯಿ ಕಚ್ಚಿಕೊಂಡು ಹೋಯಿತೋ, ಯಾರಾದರೂ ಮೆಟ್ಟಿಕೊಂಡು ಹೋದರೋ ಇವತ್ತಿಗೂ ಗೊತ್ತಿಲ್ಲ. ಬೇರೆ ದಾರಿಯಿಲ್ಲದೆ ಬರಿಗಾಲಿನಲ್ಲಿ ಹೊರಟೆ. ಹೊಸದಾಗಿ ಟಾರು ಹಾಕಿದ್ದ ರಸ್ತೆ, ನೆತ್ತಿಯ ಮೇಲೆ ಬಿಸಿಲು. ಒಂದೊಂದು ಹೆಜ್ಜೆಗೂ ಜೀವ ಬಾಯಿಗೆ ಬಂತು. ನನ್ನ ಮಗಳು ಇಷ್ಟು ವರ್ಷ ಇದೇ ಊರಿನಲ್ಲಿ ಹೀಗೇ ನಡೆದಿದ್ದಾಳೆ ಎನ್ನುವುದು ನನ್ನ ಕಣ್ಣಿಗೆ ಕಂಡಿತ್ತು. ಕಾಲಿಗೆ ಗೊತ್ತಾದದ್ದು ಆವತ್ತೇ.

ಮನೆ ಮುಟ್ಟಿ ಜಗಲಿಯ ಮೇಲೆ ಕುಸಿದು ಕೂತೆ. ಗುಡಿಯಲ್ಲಿ ಚಪ್ಪಲಿ ಹೋದರೆ ಪೀಡೆ ಹೋಯಿತೆಂದು ಲೆಕ್ಕ ಎಂದು ಯಜಮಾನರು ಸಮಾಧಾನ ಹೇಳಿದರು. ಸರೋಜ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು, ಕೆಂಪಾಗಿದ್ದ ನನ್ನ ಅಂಗಾಲು ನೋಡಿ ನಕ್ಕಳು. ದೆಹಲಿಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಟಾರ್ ಮೇಲೆ ಯಾಕಮ್ಮ ಬಂದೆ? ಪಕ್ಕದ ಮಣ್ಣಲ್ಲಿ ನಡೀಬೇಕು. ಬರಿಗಾಲಲ್ಲಿ ನಡಿಯೋಕೂ ನಾನೇ ಕಲಿಸ್ಕೊಡ್ಬೇಕಾ ನಿನಗೆ?" ಎಂದಳು.

ಕಲಿಸಿಕೊಡು ಎಂದುಬಿಟ್ಟೆ. ಆ ಮಾತು ನನ್ನ ಬಾಯಿಂದ ಬಂದ ಕೂಡಲೇ ನನಗೆ ದಾರಿ ಹೊಳೆಯಿತು. ಹರಕೆಯನ್ನು ಬಿಡಿಸು ಎಂದು ನಾನು ಕೇಳಿದ್ದೆ. ಕೊಟ್ಟ ಮಾತನ್ನು ಯಾರಾದರೂ ಹಾಗೆ ಬಿಡುತ್ತಾರೆಯೇ? ಆದರೆ ಮನೆಯ ಹರಕೆಯನ್ನು ಮನೆಯ ಇನ್ನೊಬ್ಬರು ಹೊರಬಾರದು ಎಂದು ಅಮ್ಮ ಎಲ್ಲೂ ಹೇಳಿರಲಿಲ್ಲ.

ಕಾಲು ಉರಿಯುತ್ತಿದ್ದರೂ ಸಂಜೆ ದೀಪದ ಹೊತ್ತಿಗೆ ಮತ್ತೆ ಗುಡಿಗೆ ಹೋದೆ. ಈ ಸಲ ಮಣ್ಣಿನಲ್ಲೇ ನಡೆದೆ. ಮುನಿಶಾಮಪ್ಪನವರಿಗೆ ಎಲ್ಲವನ್ನೂ ಹೇಳಿ ಹೂ ಅಂಟಿಸುವಂತೆ ಕೇಳಿಕೊಂಡೆ. "ತಾಯಿ, ನಮ್ಮತ್ತೆ ಕೊಟ್ಟ ಮಾತು ಹಾಗೇ ಇರ್ಲಿ. ಸರೋಜ ಆರತಿ ತರೋವರ್ಗೂ ಅದು ಅವಳ ಕಾಲಲ್ಲಿ ಬೇಡ, ನನ್ನ ಕಾಲಲ್ಲಿ ಇರ್ಲಿ. ಒಪ್ಪಿಗೇನಾ?" ಎಂದೆ. ನಾನು ಕೈ ಮುಗಿದು ಮುಗಿಸುವುದರೊಳಗೆ ಬಲಗಡೆಯ ಎಸಳು ಬಿತ್ತು. ಮುನಿಶಾಮಪ್ಪನವರು ಅದನ್ನು ಎತ್ತಿ ನನ್ನ ಸೆರಗಿಗೆ ಹಾಕಿದರು. ನಾನು ಗುಡಿಯಲ್ಲೇ ಜೋರಾಗಿ ಅತ್ತೆ. ಆಗ ಅತ್ತದ್ದು ಸಂತೋಷಕ್ಕೆ.

ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ಗಾಯ ಒಣಗಿ ಹೊಸ ಚರ್ಮ ಬಂದದ್ದನ್ನು ನೋಡಿ ಡಾಕ್ಟರಮ್ಮನಿಗೇ ಆಶ್ಚರ್ಯ. ಮಂಕರಿ ಎತ್ತಿ ಬೂಟನ್ನು ನಾನೇ ಸರೋಜಳ ಕೈಗೆ ಕೊಟ್ಟೆ. ಮೊದಲ ದಿನ ಅದನ್ನು ತೊಟ್ಟು ಕರುವಿನ ಹಾಗೆ ಎಡವಿದಳು, ಯಾರೋ ತನ್ನ ಕಾಲು ಹಿಡಿದುಕೊಂಡಿದ್ದಾರೆ ಎಂದು ಗೊಣಗಿದಳು. ಫ್ರಾನ್ಸಿಸ್ ಮೇಷ್ಟ್ರು ಬಿಡಲಿಲ್ಲ, ಬೆಳಿಗ್ಗೆ ಸಂಜೆ ಓಡಿಸಿದರು. ಕೊನೆಯ ಆಯ್ಕೆಯಲ್ಲಿ ಅವಳ ಹೆಸರು ಬಂತು.

ಓಟದ ದಿನ ನಾವು ಆರ್.ಟಿ. ನಗರದ ದಸ್ತಗೀರ್ ಸಾಹೇಬರ ಮನೆಗೆ ಹೋದೆವು. ನಮ್ಮ ತೋಟದ ದ್ರಾಕ್ಷಿಯನ್ನು ಮಾರುಕಟ್ಟೆಗೆ ಹಾಕುತ್ತಿದ್ದವರು ಅವರು, ಹೊಸದಾಗಿ ಟಿ.ವಿ. ತಂದಿದ್ದರು. ಅವರ ಮನೆಯಾಕೆ ಮೆಹರುನ್ನಿಸಾ ನನ್ನನ್ನು ಎಲ್ಲರಿಗಿಂತ ಮುಂದೆ ಕೂರಿಸಿ, ತಾವು ಜಪಮಣಿ ಹಿಡಿದು ಪಕ್ಕದಲ್ಲಿ ಕೂತರು. ಹುಡುಗಿಯರು ಸಾಲಾಗಿ ಬಗ್ಗಿದರು. ಸರೋಜಳ ಜಡೆ ಕಂಡಿತು. ಅಷ್ಟೇ, ನಾನು ಕಣ್ಣು ಮುಚ್ಚಿ ಅಮ್ಮನನ್ನು ನೆನೆಯತೊಡಗಿದೆ. ಕೋಣೆಯೆಲ್ಲ ಗಲಾಟೆ, ಯಜಮಾನರು ಯಾರದೋ ಭುಜ ಗುದ್ದುತ್ತಿದ್ದಾರೆ. ಮೆಹರುನ್ನಿಸಾ ನನ್ನ ಮೊಣಕೈ ಅಲುಗಿಸಿ, "ಕಣ್ಣು ಬಿಡಿ ಅಕ್ಕ, ಓಡಿ ಆಯ್ತು" ಎಂದರು.

ಇಷ್ಟೆಲ್ಲ ಪಾಡು ಪಟ್ಟು ಮಗಳ ಓಟವನ್ನು ನೋಡದೆ ಹೋದವಳು ನಾನೊಬ್ಬಳೇ. ಕಣ್ಣು ಬಿಟ್ಟಾಗ ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಏದುಸಿರು ಬಿಡುತ್ತಾ, ತನ್ನ ಕಾಲಿನ ಮೇಲೆ ತಾನೇ ನೆಟ್ಟಗೆ ನಿಂತಿದ್ದಳು. ನನಗೆ ಅಷ್ಟೇ ಬೇಕಾಗಿತ್ತು. ಅವಳು ಫೈನಲ್ಲಿಗೆ ಹೋಗಲಿಲ್ಲ. ಕೆಲವರು ಅಯ್ಯೋ ಎಂದರು. ಮೆಡಲು ಕೊಡು ಎಂದು ನಾನು ಅಮ್ಮನನ್ನು ಕೇಳಿಯೇ ಇರಲಿಲ್ಲ. ಕೇಳಿದ್ದರೆ ಕೊಡುತ್ತಿದ್ದಳೋ ಏನೋ, ತಲೆಗೆ ಹೊಳೆಯಲೇ ಇಲ್ಲ.

ಬಲಗಡೆಯ ಹೂ ಬಿದ್ದ ಸಂಜೆಯಿಂದಲೇ ಬರಿಗಾಲು ನನ್ನದಾಗಿತ್ತು. ಯಲಹಂಕದ ಬಸ್ಸಿನಲ್ಲಿ ಎಷ್ಟು ಜನರ ಬೂಟು ನನ್ನ ಬೆರಳಿನ ಮೇಲೆ ಹತ್ತಿ ಇಳಿದಿದೆಯೋ ಲೆಕ್ಕವಿಟ್ಟಿಲ್ಲ. ಮದುವೆ ಮನೆಗಳಲ್ಲಿ ರೇಷ್ಮೆ ಸೀರೆಗೆ ಬರಿಗಾಲೇ ಎಂದು ಕಣ್ಣರಳಿಸಿದವರಿಗೆ ಉತ್ತರ ಕೊಡುವಷ್ಟು ಬಾಯಿಯನ್ನು ದೇವರು ನನಗೆ ಕೊಟ್ಟಿದ್ದಾನೆ. ಸರೋಜಳಿಗೆ ಓಟದ ದೆಸೆಯಿಂದ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಅವಳ ಓಟವನ್ನು ಮೆಚ್ಚಿದ ಹುಡುಗನ ಜೊತೆಯಲ್ಲೇ ಎಂಬತ್ತಾರರಲ್ಲಿ ಮದುವೆಯಾಯಿತು. ಆ ವರ್ಷ ಅವಳು ಹಸಿ ಸೀರೆಯುಟ್ಟು ತಂಬಿಟ್ಟಿನ ಆರತಿ ತಲೆಯ ಮೇಲೆ ಹೊತ್ತು, ದೀಪ ಆರದ ಹಾಗೆ ಗುಡಿಗೆ ನಡೆದುಬಂದಳು. ಅಷ್ಟು ನಿಧಾನವಾಗಿ ಅವಳು ನಡೆದದ್ದನ್ನು ನಾನು ಎಂದೂ ನೋಡಿರಲಿಲ್ಲ. ಈ ಸಲ ಕಣ್ಣು ಮುಚ್ಚದೆ ನೋಡಿದೆ.

ಹರಕೆ ತೀರಿತೆಂದು ಮುನಿಶಾಮಪ್ಪನವರು ಹೇಳಿದ ಮೇಲೆ, ಗುಡಿಯ ಹೊರಗೆ ಸರೋಜ ನನ್ನ ಮುಂದೆ ಕೂತು ಚೀಲದಿಂದ ಹೊಸ ಚಪ್ಪಲಿ ತೆಗೆದಳು. ನನ್ನ ಹಳೆಯ ಅಳತೆಯನ್ನು ನೆನಪಿಟ್ಟು ತಂದಿದ್ದಳು. ಕಾಲು ಒಳಗೆ ಹೋಗಲಿಲ್ಲ. ಅವಳು ನನ್ನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಗಲವಾದ ಬೆರಳು, ದಡ್ಡುಗಟ್ಟಿದ ಹಿಮ್ಮಡಿ ಎಲ್ಲವನ್ನೂ ಕೈಯಿಂದ ಸವರಿ ನೋಡಿದಳು. "ನಿನ್ನ ಕಾಲು ನನ್ನ ಕಾಲಿನ ಥರಾನೇ ಆಗ್ಬಿಟ್ಟಿದೆ ಕಣಮ್ಮ" ಎಂದು ಹೇಳಿ ಅಳತೊಡಗಿದಳು.

ಮಾರನೆಯ ದಿನ ದೊಡ್ಡ ಅಳತೆಯದನ್ನು ತಂದುಕೊಟ್ಟಳು. ಈಗ ಅದನ್ನೇ ಮೆಟ್ಟಿಕೊಂಡು ಓಡಾಡುತ್ತೇನೆ. ಕಷ್ಟ ಬಂದಾಗ ಅಮ್ಮನ ಮುಂದೆ ನಿಂತು ಜಗಳವಾಡಲು ಯಾರೂ ಹೆದರಬೇಡಿ, ಅವಳು ಕೇಳಿಸಿಕೊಳ್ಳುತ್ತಾಳೆ. ನಮ್ಮತ್ತೆಗೂ ನಾನು ಕೈಮುಗಿಯುತ್ತೇನೆ, ಬದುಕಿದ್ದಾಗ ಮುಗಿದದ್ದು ಕಡಿಮೆ. ಮಂಗಳವಾರ ಮಾತ್ರ ಚಪ್ಪಲಿಯನ್ನು ಮನೆಯಲ್ಲೇ ಬಿಟ್ಟು ಗುಡಿಗೆ ಬರುತ್ತೇನೆ. ಯಾರೂ ಕೇಳಿದ್ದಲ್ಲ, ನನಗೇ ಹಾಗೆ ಬರಬೇಕು ಅನ್ನಿಸುತ್ತದೆ.