ಬೋರ್ಡಿನ ಹಿಂದಿನ ಬ್ರೇಕು

ಹೇಸಿಗೆಯಾದಾಗ ನಮ್ಮ ಮೇಷ್ಟ್ರ ಮೂಗಿನ ಎಡ ಹೊಳ್ಳೆಯೊಂದೇ ಮೇಲೇಳುತ್ತಿತ್ತು. ಬಲಗಡೆಯದು ಅಲುಗುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಕೆಜಿಎಫ್‌ನ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಅವರು ನಮಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ತಮ್ಮೂರು ಬೂದಿಕೋಟೆಯಿಂದ ದಿನಾ ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ರೈಲು. ಕೆಲಸ ಹಂಗಾಮಿ, ಖಾಯಂ ಆಗುತ್ತದೆಂದು ವರ್ಷಗಳಿಂದ ಕಾಯುತ್ತಿದ್ದರು.

ಪಾಠ ಊರಿನ ಮಾತಿನಲ್ಲೇ ನಡೆಯುತ್ತಿತ್ತು. ಎಸ್‌ಸಿಆರ್ ಎಂಬ ಬಿಡಿಭಾಗದ ಗೇಟಿಗೆ ಸಣ್ಣ ಸೂಚನೆ ಕೊಟ್ಟರೆ ಅದು ಕರೆಂಟನ್ನು ಹರಿಯಲು ಬಿಡುತ್ತದೆ; ಆಮೇಲೆ ಗೇಟಿನ ಮಾತು ಕೇಳುವುದಿಲ್ಲ. “ರೈಲು ಅತ್ತಿದ್ಮೇಲೆ ಟೇಷನ್ ಗೇಟು ಮುಚ್ಚಿದ್ರೆ ಇಳೀತೀಯೇನ್ಲಾ? ರೈಲು ನಿಲ್ಬೇಕು. ಅಂಗೇ ಕರೆಂಟು ನಿಂತ್ರೇನೇ ಇದು ಆಫ್ ಆಗೋದು.” ಡಿಜಿಟಲ್ ಲಾಜಿಕ್ ಪಾಠ ಇನ್ನೂ ಚಿಕ್ಕದು: “ಒಂದು, ಇಲ್ಲ ಸೊನ್ನೆ. ಮಧ್ಯ ‘ಅಡ್ಜಸ್ಟ್ ಮಾಡ್ಕೊಳಿ’ ಅನ್ನೋದಿಲ್ಲ ಕಣ್ಲಾ.”

ಲ್ಯಾಬಿನಲ್ಲಿ ಮೋಟಾರಿಗೆ ಬ್ರೇಕು ಹಾಕಿ ತೋರಿಸಲು ಅವರೇ ಕಟ್ಟಿದ ಒಂದು ಬೋರ್ಡಿತ್ತು. ಸ್ವಿಚ್ ಒತ್ತಿ ಸಪ್ಲೈ ಕಡಿದರೆ, ತಿರುಗುತ್ತಿರುವ ಮೋಟಾರೇ ಜನರೇಟರಿನಂತೆ ಕರೆಂಟು ಹುಟ್ಟಿಸುತ್ತದೆ. ಎಸ್‌ಸಿಆರ್ ಅದನ್ನು ರೆಸಿಸ್ಟರಿಗೆ ಹರಿಸುತ್ತದೆ. ವೇಗವೆಲ್ಲ ಶಾಖವಾಗಿ ಕಳೆದು ಮೋಟಾರು ನಿಲ್ಲುತ್ತದೆ.

ಕಾಲೇಜಿಗೆ ಒಪ್ಪಿಗೆ ಕೊಡುವ ತಪಾಸಣಾ ಸಮಿತಿ ಬರುವ ಮುನ್ನಾದಿನ ಆ ಎಸ್‌ಸಿಆರ್ ಸುಟ್ಟುಹೋಯಿತು. ಬೇರೆ ಇರಲಿಲ್ಲ.

“ಕೆಟ್ಟೈತೆ ಅಂತ ಏಳ್ಬಿಡೋಣ ಸಾರ್,” ಎಂದರು ಮೇಷ್ಟ್ರು.

“ರಿಪೇರಿ ಮಾಡಿಸ್ತೀನಿ ಬಿಡ್ರೀ. ನಾಳೆ ಚೆನ್ನಾಗಾದ್ರೆ ನಿಮ್ಮ ಖಾಯಂ ಆರ್ಡರ್‌ಗೆ ನನ್ನ ಸಹಿ,” ಎಂದರು ವಿಭಾಗದ ಮುಖ್ಯಸ್ಥರು.

ಮರುದಿನ ಸಮಿತಿಯ ಎದುರು ಮೇಷ್ಟ್ರು ಸ್ವಿಚ್ ಒತ್ತಿದರು. ಮೋಟಾರು ಗಕ್ಕನೆ ನಿಂತಿತು. ಚಪ್ಪಾಳೆ ಬಿತ್ತು.

“ಏನೋ ರಬ್ಬರ್ ವಾಸನೆ?” ಎಂದರು ಸಮಿತಿಯ ಹಿರಿಯರು.

“ಹೊಸ ಇನ್ಸುಲೇಶನ್ ಸಾರ್,” ಎಂದರು ಮುಖ್ಯಸ್ಥರು.

ಮೇಷ್ಟ್ರು ಬೋರ್ಡಿನ ಹಿಂದೆ ಇಣುಕಿದರು. ಅಲ್ಲಿ ನಮ್ಮ ಅಟೆಂಡರ್ ಕುಕ್ಕರಗಾಲಲ್ಲಿ ಕೂತು, ತನ್ನ ಟೈರ್ ಚಪ್ಪಲಿಯನ್ನು ಮೋಟಾರಿನ ಪುಲ್ಲಿ ಚಕ್ರಕ್ಕೆ ಎರಡೂ ಕೈಯಿಂದ ಒತ್ತಿ ಹಿಡಿದಿದ್ದ.

“ಇನ್ಸುಲೇಶನ್ ಅಲ್ಲ ಸಾರ್, ಚಪ್ಲಿ,” ಎಂದರು ಮೇಷ್ಟ್ರು. “ಇತ್ಲಾಗ್ ಬಂದು ನೋಡಿ. ಇವನ್ನ ಏನೂ ಅನ್ಬೇಡಿ, ಏಳಿದ್ ಮಾಡವ್ನೆ.”

ಸಮಿತಿಯವರು ಬಂದು ನೋಡಿದರು. ಹಿರಿಯರು ನಕ್ಕರು. “ಏನೋ ಒಂದು, ನಿಂತಿತಲ್ಲ!” ಎಂದರು. ಎಲ್ಲರೂ ನಕ್ಕು ಊಟಕ್ಕೆ ಹೋದರು. ಅವರಿಗೆ ಸಿಟ್ಟು ಬಂದಿದ್ದರೂ ಮೇಷ್ಟ್ರ ಮಾತಿಗೆ ಮರ್ಯಾದೆ ಉಳಿಯುತ್ತಿತ್ತು. ಬಿರಿಯಾನಿಯ ಜೊತೆ ಚಪ್ಪಲಿಯ ಕಥೆಯನ್ನೂ ಮೆದ್ದರು. ಕಾಲೇಜಿಗೆ ಒಪ್ಪಿಗೆ ಸಿಕ್ಕಿತು.

ಸಂಜೆ ಮುಖ್ಯಸ್ಥರು ನಮ್ಮೆದುರೇ ರೇಗಿದರು: “ಇದನ್ನೆಲ್ಲ ಮಾಡಿದ್ದು ಯಾರಿಗೋಸ್ಕರ? ನಿಮ್ಮ ಕೆಲಸಕ್ಕೇ ಅಲ್ವೇನ್ರೀ?”

“ಅದಕ್ಕೇ ಸಾರ್ ವಾಕರಿಕೆ ಬರೋದು.”

ಮರುವಾರ ಮೇಷ್ಟ್ರನ್ನು ಕೆಲಸದಿಂದ ತೆಗೆದರು. ಅಟೆಂಡರ್ ಉಳಿದ.

ಆಮೇಲೆ ಅವರು ಬಂಗಾರಪೇಟೆಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟರು. ವರದಿಗಾರನಾದ ಮೇಲೂ ನಾನು ಅಲ್ಲಿಗೆ ಹೋಗುತ್ತಿದ್ದೆ. ನಾನು ವರದಿ ಮಾಡಿದ ಕಾರ್ಖಾನೆ ಉದ್ಘಾಟನೆಗಳ ಸುದ್ದಿ ಓದಿ, “ಮಿಷನ್ನು ಓಡ್ತಾ ಇತ್ತಾ, ಇಲ್ಲಾ ಬರೀ ರಿಬ್ಬನ್ನು ನೋಡ್ಕಂಬಂದಾ?” ಎಂದು ಕೆಣಕುತ್ತಿದ್ದರು. ಆಗಿನಿಂದ ನಾನು ಯಂತ್ರಗಳಿಗೆ ಒಂದು ಸುತ್ತು ಹಾಕದೆ ಬರೆದದ್ದಿಲ್ಲ.

ತೊಂಬತ್ತರ ದಶಕದಲ್ಲಿ ಅವರು ತೀರಿಕೊಂಡರು. ಕಾಲೇಜಿನ ಸಂತಾಪ ಸಭೆಯಲ್ಲಿ ಅದೇ ಮುಖ್ಯಸ್ಥರು ಕಣ್ಣೊರೆಸಿಕೊಂಡು, “ನಮ್ಮ ಸಂಸ್ಥೆಯ ಹೆಮ್ಮೆ” ಎಂದರು. ನಾನು ಪತ್ರಿಕೆಗೆ ನಾಲ್ಕು ಸಾಲು ಬರೆದೆ. ಮೇಷ್ಟ್ರನ್ನು ಕೆಲಸದಿಂದ ತೆಗೆದದ್ದೂ, ಏಕೆ ತೆಗೆದರೆಂಬುದೂ ಅದರಲ್ಲಿತ್ತು.

ಮುಖ್ಯಸ್ಥರು ಫೋನ್ ಮಾಡಿದರು. “ಸತ್ತವರ ಸುದ್ದೀಲಿ ಅದೆಲ್ಲ ಯಾಕಪ್ಪಾ? ‘ಸೇವೆ ಸಲ್ಲಿಸಿದ್ದರು’ ಅಂತ ತಿದ್ದಿ ಹಾಕು.”

ತಿದ್ದಲಿಲ್ಲ.