ವಾ ಸನೀಬಾಳ ಪಹರೆ

ಬೌಬೌ ಬಂದರಿನಿಂದ ವಾಂಚಿ ದ್ವೀಪಕ್ಕೆ ಜನ ಸಾಗಿಸುವ ನಮ್ಮ ಮರದ ಹಡಗಿಗೆ ವಾ ಸನೀಬಾ ಬಂದದ್ದು ಅಡುಗೆಯವಳಾಗಿ. ಕೇಳಿದ್ದು ಮಾತ್ರ ಬೇರೆ ಕೆಲಸ.

"ನನ್ನನ್ನ ಪಹರೆಗೆ ಹಾಕಿ," ಎಂದಳು ಕಪ್ತಾನ ಲಾ ಬೆಂತೆಗೆ.

ಕಪ್ತಾನ ನಕ್ಕ. "ಇಲ್ಲೇನು ಕಡಲ್ಗಳ್ಳರು ಬರ್ತಾರಾ? ಮೊದ್ಲು ಮೀನು ಸುಡೋಕೆ ಬರುತ್ತಾ ಹೇಳು."

ಹಿಂದೊಮ್ಮೆ ಬೇರೊಂದು ಹಡಗಿಗೆ ಬೆಂಕಿ ಬಿದ್ದಾಗ ಅವಳು ಅದರಲ್ಲಿದ್ದಳು. ಪಹರೆಯವನು ಇಸ್ಪೀಟಾಡುತ್ತ ಕೂತಿದ್ದನಂತೆ. ಹೊಗೆ ಮೊದಲು ಕಂಡದ್ದು ಪ್ರಯಾಣಿಕರಿಗೆ. ತಂಗಿಯ ಕೈ ಹಿಡಿದು ನೀರಿಗೆ ಹಾರಿದ್ದಳು. ಮೀನುಗಾರರು ಅವಳನ್ನು ಮೇಲೆತ್ತುವಾಗ ಆ ಕೈ ಅವಳ ಕೈಯಲ್ಲಿರಲಿಲ್ಲ. ಇದನ್ನವಳು ಹೇಳಿದ್ದು ಒಂದೇ ಸಲ, ನಾನು ಚುಕ್ಕಾಣಿ ಹಿಡಿದು ನಿಂತಿದ್ದಾಗ, ನನ್ನ ಮುಖ ನೋಡದೆ.

ಯಾರೂ ಹೇಳದಿದ್ದರೂ, ಒಲೆ ಆರಿಸಿದ ಮೇಲೆ ಅವಳು ಹಡಗು ಸುತ್ತತೊಡಗುವಳು. ಸರಕಿನ ಕೋಣೆಯಲ್ಲಿ ಪೆಟ್ರೋಲಿನ ವಾಸನೆ ಬರುತ್ತಿದೆಯೇ ಎಂದು ಮೂಸುವಳು. ಸೇದುತ್ತ ಮಲಗಿದವರ ಬೆರಳಿಂದ ಸಿಗರೇಟು ಕಿತ್ತು ನೀರಿಗೆಸೆಯುವಳು. ತೇಲುವ ಜಾಕೀಟುಗಳ ಮೇಲೆ ಯಾರಾದರೂ ಮೂಟೆ ಪೇರಿಸಿದ್ದರೆ ಅವರ ಕೈಯಲ್ಲೇ ಇಳಿಸುವಳು.

"ಅತ್ತೆ ಬಂದ್ರಪ್ಪೋ!" ಎಂದು ಎಂಜಿನ್ ನೋಡಿಕೊಳ್ಳುವ ಲಾ ಜುಮಾ ರೇಗಿಸುತ್ತಿದ್ದ.

"ಅತ್ತೇನೇ ಅಂದ್ಕೋ. ಆ ಎಣ್ಣೆ ಚಿಂದೀನ ಬಿಸಿ ಪೈಪಿನ ಹತ್ರದಿಂದ ತೆಗಿ."

ಒಂದು ಮಧ್ಯಾಹ್ನ ಹಡಗಿನ ತುಂಬ ಮದುವೆ ದಿಬ್ಬಣ. ಎಲ್ಲರಿಗೂ ಮೀನು, ಮರಗೆಣಸಿನ ಕಡುಬು ಕಸುವಾಮಿ ಬಡಿಸಿ ಸುತ್ತು ಹಾಕಲು ಹೊರಟ ಸನೀಬಾ, ಎಂಜಿನ್ ಕೋಣೆಯ ಮೇಲಿನ ಹಲಗೆಗಳ ಮೇಲೆ ಗಕ್ಕನೆ ನಿಂತಳು. ಬರಿಗಾಲಿಗೆ ಬಿಸಿ ತಾಗಿತ್ತು. ಬಗ್ಗಿ ಅಂಗೈ ಇಟ್ಟು ನೋಡಿ ನಮ್ಮತ್ತ ಓಡಿಬಂದಳು.

"ಕಪ್ತಾನ್ರೇ, ಎಂಜಿನ್ ನಿಲ್ಸಿ! ಕೆಳಗೆ ಬೆಂಕಿ!"

"ಬಿಸಿಲಿಗೆ ಕಾದಿರುತ್ತೆ ಕಣೇ. ತಡ ಆಯ್ತು ಅಂತ ದಿಬ್ಬಣದವರು ಆಗ್ಲೇ ಕೂಗಾಡ್ತಿದಾರೆ."

"ಅಲ್ಲಿ ಬಿಸಿಲೇ ಬೀಳಲ್ಲ!" ಎನ್ನುತ್ತ ಅವಳೇ ಗಂಟೆಯ ಹಗ್ಗ ಹಿಡಿದು ಜಗ್ಗಿದಳು.

ಮೇಲೆ ಊಟಕ್ಕೆ ಕೂತಿದ್ದ ಜುಮಾ ತಟ್ಟೆ ಬಿಟ್ಟು ಓಡಿದ. ಬಾಗಿಲು ಸರಿಸಿದರೆ ಒಳಗೆಲ್ಲ ಉರಿ. ಹೊರಗಿನಿಂದಲೇ ಡೀಸೆಲ್ ಬರುವ ವಾಲ್ವ್ ಮುಚ್ಚಿ, ಬೆಂಕಿ ಆರಿಸುವ ಪುಡಿಯ ಸಿಲಿಂಡರನ್ನು ಒಳಕ್ಕೆ ಖಾಲಿ ಮಾಡಿ, ಬಾಗಿಲೆಳೆದು ಮುಚ್ಚಿದ. ಸನೀಬಾ ಗಾಳಿಕಿಂಡಿಗಳಿಗೆ ಒದ್ದೆ ಗೋಣಿ ತುರುಕಿದಳು. ಕಪ್ತಾನ ಬಿಳಿಚಿಕೊಂಡಿದ್ದ, ಆದರೂ ಜನರಿಗೆ ಜಾಕೀಟು ತೊಡಿಸಿ ಮುಂಭಾಗಕ್ಕೆ ಕಳಿಸಿದ.

ಮದುಮಗನ ಮಾವ ಬಕೆಟ್ ಹಿಡಿದು ನುಗ್ಗಿ ಬಂದ. "ಬಾಗಿಲು ತೆಗಿ, ನೀರು ಹಾಕೋಣ!"

ಸನೀಬಾ ಬಾಗಿಲಿಗೆ ಅಡ್ಡ ನಿಂತಳು. "ತೆಗೆದ್ರೆ ಗಾಳಿ ಒಳಗೆ ಹೋಗಿ ಉರಿ ಜಾಸ್ತಿ ಆಗುತ್ತೆ. ನೀರನ್ನ ಹಲಗೆ ಮೇಲೆ ಸುರೀರಿ, ತಂಪಾಗ್ಲಿ."

"ಅಡ್ಡ ನಿಲ್ಬೇಡಮ್ಮ!"

"ಅಡ್ಡಾನೇ ನಿಂತಿರೋದು. ಸುರೀರಿ ಅಂದ್ನಲ್ಲ!"

ಅವಳ ದನಿಗೆ ಅವನು ತಲೆಬಾಗಿದ. ದಿಬ್ಬಣದ ಗಂಡಸರೆಲ್ಲ ರೇಷ್ಮೆ ಸರೋಂಗು ಎತ್ತಿಕಟ್ಟಿ ಸಮುದ್ರದ ನೀರು ಸೇದಿ ಸೇದಿ ಹೊಯ್ದರು. ಹೊಗೆ ದಟ್ಟವಾಯಿತು, ಆಮೇಲೆ ತೆಳುವಾಯಿತು. ಸನೀಬಾ ಮತ್ತೆ ಮತ್ತೆ ಹಲಗೆ ಮುಟ್ಟಿ ನೋಡುತ್ತಿದ್ದಳು. ಅದು ಪೂರ್ತಿ ತಣ್ಣಗಾದರೂ, ಮತ್ತೆ ಹೊತ್ತಿಕೊಂಡೀತೆಂದು ಬಾಗಿಲು ತೆಗೆಯಲು ಬಿಡಲಿಲ್ಲ. ಇನ್ನೊಂದು ಹಡಗು ನಮ್ಮನ್ನು ವಾಂಚಿಗೆ ಎಳೆದೊಯ್ಯಿತು. ಒಬ್ಬರ ಪ್ರಾಣಕ್ಕೂ ಅಪಾಯವಾಗಲಿಲ್ಲ.

ದಡಕ್ಕಿಳಿದ ಮೇಲೆ ಸನೀಬಾ ಕಟ್ಟೆಯ ಮೇಲೆ ಕೂತು, ತಂಗಿಯ ಹೆಸರು ಹಿಡಿದು ಜೋರಾಗಿ ಅತ್ತಳು. ಮದುಮಗಳ ತಾಯಿ ಏನೂ ಕೇಳದೆ ಅವಳನ್ನು ಎದೆಗೊತ್ತಿಕೊಂಡಳು.

ಕಪ್ತಾನ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. "ಅಡುಗೆಗೆ ಬೇರೆಯವರನ್ನ ನೋಡ್ತೀನಿ. ಪಹರೆ ನಿಂದೇ."

ಅವಳು ಕಣ್ಣೊರೆಸಿಕೊಂಡಳು. "ನಾನೊಬ್ಳೇ ಸಾಲಲ್ಲ. ನಾನು ಮಲಗಿದಾಗ ಯಾರು? ಪಾಳಿಗೆ ಇನ್ನೊಬ್ರು ಬೇಕು. ಎಂಜಿನ್ ಬಿಟ್ಟು ಯಾರೂ ಊಟಕ್ಕೆ ಏಳ್ಬಾರ್ದು."

ಜುಮಾ ತಲೆ ತಗ್ಗಿಸಿದ. ಕಪ್ತಾನ ನನ್ನ ಕಡೆ ನೋಡಿದ. ಆ ಎರಡನೇ ಪಾಳಿ ಈಗ ನನ್ನದು.